ಸೀಳುಬಂಡೆ ದಿಣ್ಣೆಯಲ್ಲಿ ಕೂಗಿದ ಎಲ್ಕ್

ವನ್ಯಜೀವಿ ಕಚೇರಿಯ ಮುಖ್ಯಾಧಿಕಾರಿಗಳಿಗೆ, ನಮ್ಮ ಕಣಿವೆಯ ವಾರಪತ್ರಿಕೆಯ ಮೂಲಕ

ಮಾನ್ಯರೇ,

ನನಗೆ ನಿಮ್ಮ ತೋಳದ ಮೇಲೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳುವ ವಯಸ್ಸು ದಾಟಿದೆ, ಆದ್ದರಿಂದ ಮೊದಲ ಸಾಲಿನಲ್ಲೇ ಒಪ್ಪಿಕೊಂಡುಬಿಡುತ್ತೇನೆ. ಇದು ದ್ವೇಷವಲ್ಲ, ಭಯವೂ ಅಲ್ಲ. ಚಿಕ್ಕಂದಿನಲ್ಲಿ ತಂಗಿಗೆ ಹೊಸ ಬೂಟು ಬಂದು ನನಗೆ ಅಣ್ಣನ ಹಳೆಯ ಬೂಟೇ ಗತಿಯಾದಾಗ ಎದೆಯಲ್ಲಿ ಏನು ಉರಿಯುತ್ತಿತ್ತೋ ಅದೇ ಇದು. ಸಾವಿರದ ನೂರ ನಲವತ್ತೆರಡು ಎಂಬ ಸಂಖ್ಯೆಯ ಹೆಣ್ಣು ತೋಳಕ್ಕೆ ನೀವು ಕೊರಳಪಟ್ಟಿ ಕಟ್ಟಿದ್ದೀರಿ. ಆ ಪಟ್ಟಿ ನಾಲ್ಕು ತಾಸು ಅಲುಗಾಡದಿದ್ದರೆ ನಿಮ್ಮ ಕಚೇರಿಯಲ್ಲಿ ಕೆಂಪು ದೀಪ ಹತ್ತಿಕೊಳ್ಳುತ್ತದೆ, ಹೆಲಿಕಾಪ್ಟರ್ ಹೊರಡುತ್ತದೆ. ನನ್ನ ಅಣ್ಣ ಐವರ್ ಬ್ರೆಕ್ಕೆ, ಎಪ್ಪತ್ತಾರು ವರ್ಷ, ಕಳೆದ ಸೆಪ್ಟೆಂಬರಿನಲ್ಲಿ ಸೀಳುಬಂಡೆ ದಿಣ್ಣೆಯ ಕೆಳಗೆ ಸೊಂಟ ಮುರಿದುಕೊಂಡು ನಲವತ್ತು ತಾಸು ಅಲುಗಾಡದೆ ಬಿದ್ದಿದ್ದ. ಎಲ್ಲೂ ಯಾವ ದೀಪವೂ ಹತ್ತಲಿಲ್ಲ. ಈ ಜೂನ್ ಹತ್ತಕ್ಕೆ ನಮ್ಮ ದನಗಳು ಮತ್ತೆ ಬೆಟ್ಟ ಹತ್ತಬೇಕು. ನೀವು ಮೂರು ವರ್ಷದಿಂದ ಕೊಡುತ್ತೇವೆ, ಕೊಡುತ್ತೇವೆ ಎನ್ನುತ್ತಿರುವ ಕುದುರೆ ಕಾವಲುಗಾರ, ಅಂದರೆ ಕುದುರೆಯ ಮೇಲೆ ತಿರುಗಿ ದನ ಕಾಯುವವನು, ಅಷ್ಟರೊಳಗೆ ಬಾರದಿದ್ದರೆ ಐವರ್ ಮತ್ತೆ ಒಬ್ಬನೇ ಹೋಗುತ್ತಾನೆ. ನಾನು ಈ ಪತ್ರ ಬರೆಯುತ್ತಿರುವುದು ಇಷ್ಟಕ್ಕೇ.

ನನ್ನ ಪರಿಚಯ ಹೇಳಿಬಿಡುತ್ತೇನೆ. ಟಾಮರಾಕ್ ಹಳ್ಳದ ಮೇಲ್ದಂಡೆಯಲ್ಲಿ ನಮ್ಮದು ನೂರಹತ್ತು ತಾಯಿದನಗಳ ಸಣ್ಣ ರಾಂಚ್. ಅಣ್ಣ ಮದುವೆಯಾಗಲಿಲ್ಲ, ನಾನು ಆಗಿ, ವಿಧವೆಯಾಗಿ, ತವರಿಗೂ ತವರಿನ ಹೆಸರಿಗೂ ಮರಳಿದೆ. ಈಗ ಇಬ್ಬರೂ ಒಂದೇ ಮೇಜಿನಲ್ಲಿ ಉಣ್ಣುತ್ತೇವೆ, ಅರವತ್ತು ವರ್ಷದ ಹಿಂದೆ ಆಡಿದ ಜಗಳಗಳನ್ನೇ ಇನ್ನೂ ಆಡುತ್ತೇವೆ. ಎಂಟನೆಯ ತರಗತಿಗೆ ಶಾಲೆ ಬಿಟ್ಟವಳು ನಾನು. ಅಲ್ಲಿಂದಾಚೆ ನಾನು ಕಲಿತ ಬರವಣಿಗೆಯೆಲ್ಲ ದೂರದ ತಂಗಿಯಂದಿರಿಗೆ, ದೊಡ್ಡಪ್ಪನ ಮಕ್ಕಳಿಗೆ ವಾರಕ್ಕೊಂದರಂತೆ ಬರೆದ ಪತ್ರಗಳಿಂದ ಬಂದದ್ದು. ಹಾಗಾಗಿ ಅಲ್ಲಲ್ಲಿ ಮನೆಯವರಿಗೆ ಬರೆದ ಧಾಟಿ ಕಂಡರೆ ಮನ್ನಿಸಬೇಕು. ನಿಮ್ಮಂಥವರಿಗೆ ಹೇಗೆ ಬರೆಯಬೇಕೆಂದು ನನಗೆ ಯಾರೂ ಹೇಳಿಕೊಡಲಿಲ್ಲ. ನಿಮಗೆ ಬರೆದ ಐದು ಅರ್ಜಿಗಳಿಗೆ ಉತ್ತರ ಬಂದಿದ್ದರೆ ಅದನ್ನು ನೋಡಿಯಾದರೂ ಕಲಿಯುತ್ತಿದ್ದೆ.

ತೋಳಗಳನ್ನೆಲ್ಲ ಕೊಂದುಹಾಕಿ ಎಂದು ಕೇಳುವ ಮುದುಕಿ ಇವಳು ಎಂದು ನೀವು ಈಗಾಗಲೇ ಪತ್ರವನ್ನು ಮಡಚಿ ಪಕ್ಕಕ್ಕಿಡುತ್ತಿದ್ದರೆ, ದಯವಿಟ್ಟು ಬಿಡಿಸಿ. ನಾನು ಹಾಗೆ ಕೇಳುವವಳಲ್ಲ. ಇಪ್ಪತ್ತು ಚಿಲ್ಲರೆ ವರ್ಷಗಳ ಹಿಂದೆ ತೋಳಗಳು ನಮ್ಮ ಬೆಟ್ಟಕ್ಕೆ ಮರಳಿದಾಗ ಅವುಗಳ ಮೊದಲ ಊಳು ಕೇಳಿ ಐವರ್ ಕಾಫಿ ಲೋಟ ಕೆಳಗಿಟ್ಟು, "ಎಷ್ಟ್ ಚೆನ್ನಾಗ್ ಹಾಡ್ತಾವೆ, ಹಾಳಾದವು" ಎಂದಿದ್ದ. ಎಲ್ಕ್ ಜಿಂಕೆಗಳನ್ನು ತೋಳಗಳೇ ಮುಗಿಸಿದವು ಎಂದೂ ನಾನು ಹೇಳುವುದಿಲ್ಲ. ಕರಡಿ ತಿಂದಿದೆ, ಕಡುಚಳಿ ತಿಂದಿದೆ, ನಾವೂ ಕಡಿಮೆ ತಿಂದಿಲ್ಲ. ನಮ್ಮ ಕಡೆ ದನ ಇರುವುದು ಮಾರಲಿಕ್ಕೆ, ಎಲ್ಕ್ ಇರುವುದು ಉಣ್ಣಲಿಕ್ಕೆ. ಒಂದು ಗಂಡು ಎಲ್ಕ್ ಬಿತ್ತೆಂದರೆ ನಮ್ಮಿಬ್ಬರಿಗೆ ಮುಂದಿನ ಬೇಸಿಗೆಯವರೆಗೆ ಊಟದ ಯೋಚನೆಯಿಲ್ಲ.

ಆದರೆ ಒಂದು ಸಂಗತಿ ಆಗಿದೆ. ಅದನ್ನು ನಿಮ್ಮ ಲೆಕ್ಕ ಹಿಡಿಯುವುದಿಲ್ಲ, ಏಕೆಂದರೆ ನಿಮ್ಮ ವಿಮಾನ ತಲೆಗಳನ್ನು ಎಣಿಸುತ್ತದೆಯೇ ಹೊರತು ಕಿವಿಗೊಟ್ಟು ಕೇಳುವುದಿಲ್ಲ. ನಮ್ಮ ಬೆಟ್ಟದಲ್ಲಿ ಎಲ್ಕ್ ಕೂಗುವುದನ್ನು ನಿಲ್ಲಿಸಿವೆ. ಸೆಪ್ಟೆಂಬರ್ ಬಂದರೆ ಗಂಡು ಎಲ್ಕ್ ಹೆಣ್ಣಿಗಾಗಿ ಕೂಗಬೇಕು. ಆ ಕೂಗು ಎದೆಯೊಳಗಿಂದ ಶುರುವಾಗಿ ಕಹಳೆಯ ಹಾಗೆ ಏರಿ, ಕೊನೆಗೆ ಸೀಟಿಯಾಗಿ ತೆಳುವಾಗಿ ಮುಗಿಯುತ್ತದೆ. ನಾವು ಕೊಳವೆ ಊದಿ ಅದೇ ಕೂಗನ್ನು ಅಣಕಿಸುತ್ತೇವೆ. ಯಾರೋ ಎದುರಾಳಿ ಬಂದನೆಂದು ಅದು ಸಿಟ್ಟಿನಿಂದ ಉತ್ತರಿಸುತ್ತದೆ. ಹೀಗೆ ಮಾತಾಡುತ್ತ ಮಾತಾಡುತ್ತ ಹತ್ತಿರವಾಗುವುದೇ ನಮ್ಮ ಬೇಟೆ. ಈಗ ಕೂಗಿದವನನ್ನು ತೋಳ ಹುಡುಕಿಕೊಂಡು ಬರುತ್ತದೆ, ಹಾಗಾಗಿ ಬುದ್ಧಿವಂತ ಗಂಡುಗಳು ಬಾಯಿ ಮುಚ್ಚಿಕೊಂಡಿವೆ. ಇನ್ನೂ ಬುದ್ಧಿವಂತವಾದವು ಬೆಟ್ಟವನ್ನೇ ಬಿಟ್ಟು ಕೆಳಗೆ ಡೆಲ್ಬರ್ಟ್ ಕ್ರೇನನ ಕುದುರೆಮೆಂತೆ ಮೇವಿನ ಹೊಲಕ್ಕೆ ಇಳಿದಿವೆ. ಡೆಲ್ಬರ್ಟ್ ನಮ್ಮ ನೆರೆಯವನು. ಹತ್ತು ವರ್ಷದ ಹಿಂದೆ ಪಟ್ಟಣದಿಂದ ಬಂದು ಕಣಿವೆಯ ತಳದ ಒಳ್ಳೆಯ ಭೂಮಿಯನ್ನೆಲ್ಲ ಕೊಂಡವನು. ಅಲ್ಲಿ ಮನುಷ್ಯರ ಓಡಾಟ ಇರುವುದರಿಂದ ತೋಳ ಬರುವುದಿಲ್ಲ, ಬೇಲಿ ಇರುವುದರಿಂದ ನಾವು ಹೋಗುವಂತಿಲ್ಲ. ಮುನ್ನೂರು ಎಲ್ಕ್ ಅಲ್ಲಿ ಹಸುವಿನ ಹಾಗೆ ಮಲಗಿ ಮೆಲುಕು ಹಾಕುತ್ತವೆ. ಅವನ ಅತಿಥಿ ಬೇಟೆಗಾರರು ಪಡಸಾಲೆಯಿಂದಲೇ ಆರಿಸಿಕೊಳ್ಳುತ್ತಾರೆ. ನಾನು ದಿನಾ ಬೆಳಿಗ್ಗೆ ಪಾತ್ರೆ ತೊಳೆಯುತ್ತಾ ಅಡುಗೆಮನೆಯ ಕಿಟಕಿಯಿಂದ ಅವನ್ನು ನೋಡುತ್ತೇನೆ. ನಿಮಗೆ ಬೇರೆಯವರ ಮನೆಯ ಹಬ್ಬವನ್ನು ದಿನಾ ಕಿಟಕಿಯಿಂದ ನೋಡಿ ಅಭ್ಯಾಸವಿದೆಯೇ, ಮಾನ್ಯರೇ?

ಇನ್ನು ದನಗಳ ಮಾತು. ಮೊದಲು ಬೇಸಿಗೆಯ ಹುಲ್ಲಿಗೆ ದನಗಳನ್ನು ಮೇಲೆ ಬಿಟ್ಟರೆ ವಾರಕ್ಕೊಮ್ಮೆ ಹೋಗಿ ಉಪ್ಪು ಇಟ್ಟು ಬಂದರೆ ಸಾಕಿತ್ತು. ಈಗ ದಿನಾ ಬೆಳಕು ಹರಿಯುವ ಮೊದಲೇ ಕುದುರೆ ಹತ್ತಬೇಕು, ಚದುರಿದವನ್ನು ಕೂಡಿಸಬೇಕು, ತೋಳಗಳಿಗೆ ಮನುಷ್ಯನ ವಾಸನೆ ತೋರಿಸಬೇಕು. ನಮ್ಮ ನಾಯಿ ಪೆಪ್ಪರ್ ಒಂಬತ್ತು ವರ್ಷ ಈ ದನಗಳನ್ನು ಅಟ್ಟಿದವನು. ಕಳೆದ ವರ್ಷ ಅವನನ್ನು ಕಂಡದ್ದೇ ತಾಯಿದನಗಳು ತೋಳವೆಂದುಕೊಂಡು ಕೊಂಬು ತಗ್ಗಿಸಿ ನುಗ್ಗಿದವು. ಅಂದಿನಿಂದ ಅವನು ಲಾರಿಯ ಕೆಳಗೇ ಮಲಗುತ್ತಾನೆ. ಕೆಲಸ ಕಳೆದುಕೊಂಡ ಗಂಡಸಿನ ಮುಖ ನೋಡಿದ್ದೀರಲ್ಲ, ಪೆಪ್ಪರನ ಮುಖವೂ ಹಾಗೇ ಆಗಿದೆ. ಹೀಗಾಗಿ ನಾಯಿಯ ಕೆಲಸವೂ ಐವರನ ಪಾಲಿಗೆ ಬಂತು. ಜೂನಿನಿಂದ ಅಕ್ಟೋಬರಿನವರೆಗೆ ಅವನು ಮೇಲಿನ ದನದ ಬಿಡಾರದಲ್ಲಿ ಒಬ್ಬನೇ ಇರುತ್ತಾನೆ. ಶನಿವಾರ ಸ್ನಾನಕ್ಕೂ ನನ್ನ ಕೈಯಡುಗೆಗೂ ಕೆಳಗೆ ಬರುತ್ತಾನೆ. ಅಲ್ಲಿ ಫೋನು ಹಿಡಿಯುವುದಿಲ್ಲ.

ಈ ಕೆಲಸಕ್ಕೆಂದೇ ನಿಮ್ಮ ಕಚೇರಿ ಕುದುರೆ ಕಾವಲುಗಾರರನ್ನು ಇಟ್ಟುಕೊಂಡಿದೆ. ಪಕ್ಕದ ಲಾರ್ಕ್‌ಸ್ಪರ್ ಕಣಿವೆಗೆ ಇಬ್ಬರು. ಹೌದು, ಇಬ್ಬರು. ಕಳೆದ ಎರಡು ಬೇಸಿಗೆಯಲ್ಲಿ ಅಲ್ಲಿ ಒಂದು ಕರುವೂ ಹೋಗಲಿಲ್ಲ, ಒಂದು ತೋಳವೂ ಸಾಯಲಿಲ್ಲ. ಕೇಳಿ ಸಂತೋಷವಾಯಿತು ಎಂದು ಬರೆಯಬೇಕಿತ್ತು, ಆದರೆ ಆಗಲಿಲ್ಲ. ಲಾರ್ಕ್‌ಸ್ಪರ್‌ಗೆ ಪ್ರವಾಸಿಗರ ದೊಡ್ಡ ರಸ್ತೆ ಇದೆ, ನಿಮ್ಮ ಕಾವಲುಗಾರರ ಫೋಟೋ ತೆಗೆಯುವವರಿದ್ದಾರೆ. ನಮ್ಮ ರಸ್ತೆ ನಮ್ಮ ಕೊಟ್ಟಿಗೆಗೆ ಬಂದು ಮುಗಿಯುತ್ತದೆ. ನಮ್ಮನ್ನು ಕಾಯುವವರ ಪಟ್ಟಿಯಲ್ಲಿ ಇಟ್ಟಿದ್ದೀರಿ. ನಾವು ಕಾಯುತ್ತಿದ್ದೇವೆ. ದನವನ್ನೂ ನಾವೇ ಕಾಯುತ್ತಿದ್ದೇವೆ.

ಈಗ ಸೆಪ್ಟೆಂಬರಿನ ಕಥೆ ಹೇಳುತ್ತೇನೆ. ಇದರಲ್ಲಿ ನನ್ನ ತಪ್ಪೂ ಇದೆ. ಅದನ್ನು ಬಿಟ್ಟು ಹೇಳಿದರೆ ಕೇಳಲು ಚೆನ್ನಾಗಿರುತ್ತಿತ್ತು, ಆದರೆ ತಂಗಿಯಂದಿರಿಗೆ ಬರೆಯುವಾಗಲೂ ನಾನು ಹಾಗೆ ಮಾಡಿದವಳಲ್ಲ.

ಮಂಗಳವಾರ ಮಧ್ಯಾಹ್ನ, ಏಳು ದನಗಳು ಬೆದರಿ ದಿಣ್ಣೆಯ ಆಚೆ ಕೊರಕಲಿಗೆ ಇಳಿದಿದ್ದವು. ಅವನ್ನು ತರಲು ಹೋದ ಐವರನ ಕುದುರೆ ಸಡಿಲ ಬಂಡೆಯ ಮೇಲೆ ಜಾರಿ ಅವನ ಮೇಲೆಯೇ ಉರುಳಿತು. ಕುದುರೆ ಎದ್ದು ಬಿಡಾರದ ಕಡೆ ಓಡಿತು, ಐವರ್ ಏಳಲಿಲ್ಲ. ಸೊಂಟ ಮುರಿದಿತ್ತು, ಎಡಗಡೆಯ ಪಕ್ಕೆಲುಬುಗಳು ಹೋಗಿದ್ದವು. ಅವನು ಗಂಟಲು ಕಟ್ಟುವವರೆಗೆ ಅರಚಿದ. ಪಕ್ಕದಲ್ಲೇ ಹಳ್ಳದ ಭೋರ್ಗರೆತ, ಮನುಷ್ಯರ ದನಿ ಅಲ್ಲಿಂದ ನೂರು ಮಾರು ದಾಟುವುದಿಲ್ಲ. ಕೊನೆಗೆ ಅಂಗಿಯ ಜೇಬಿನಲ್ಲಿದ್ದ ಎಲ್ಕ್ ಕೂಗುವ ಕೊಳವೆ ನೆನಪಾಯಿತು. ಆ ಕೂಗು ಒಂದು ಮೈಲಿ ಹೋಗುತ್ತದೆ, ಹೋಗಲೆಂದೇ ಮಾಡಿದ್ದು. ಬುಧವಾರ ಬಂದೂಕು ಬೇಟೆಯ ಮೊದಲ ದಿನ ಎಂಬುದೂ ಅವನಿಗೆ ನೆನಪಿತ್ತು. ಹಲ್ಡಿ (ಅವನು ನನ್ನನ್ನು ಕರೆಯುವುದು ಹಾಗೆ) ದಿಣ್ಣೆಗೆ ಬಂದೇ ಬರುತ್ತಾಳೆ ಎಂದುಕೊಂಡ.

ಹಲ್ಡಿ ಬಂದಳು. ಬೆಳಕು ಬಿಡುವ ಹೊತ್ತಿಗೆ ದಿಣ್ಣೆಯ ಈಚೆ ಕೂತು ನನ್ನ ಕೊಳವೆ ಊದಿದೆ. ನಾಲ್ಕು ವರ್ಷದಿಂದ ಊದುತ್ತಿದ್ದೇನೆ, ಯಾರೂ ಓಗೊಟ್ಟಿರಲಿಲ್ಲ. ಅಂದು ಕೊರಕಲಿನ ಆಳದಿಂದ ಉತ್ತರ ಬಂತು. ಮಾನ್ಯರೇ, ಕೊಳವೆಯನ್ನು ತುಟಿಯಿಂದ ತೆಗೆದು ಇನ್ನೊಮ್ಮೆ ಕಿವಿಗೊಟ್ಟೆ. ಮದುವೆಯ ದಿನವೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ. ನಾನು ಮತ್ತೆ ಕೂಗಿದೆ, ಅದು ಮತ್ತೆ ಉತ್ತರಿಸಿತು. ದನಿ ಗೊಗ್ಗರವಾಗಿತ್ತು, ಮೊಟಕಾಗಿತ್ತು, ಒಂದೇ ಸಮನೆ ಮೂರು ಕೂಗಿ ನಿಲ್ಲುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೂರು.

ಬೆಟ್ಟದಲ್ಲಿ ಹುಟ್ಟಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂರು ಗುಂಡು, ಮೂರು ಬೆಂಕಿ, ಮೂರು ಕೂಗು: ಸಹಾಯ ಮಾಡಿ ಎಂದರ್ಥ. ಇದನ್ನು ನನಗೆ ಆರು ವರ್ಷವಿದ್ದಾಗ ಹೇಳಿಕೊಟ್ಟವನೇ ಐವರ್. ಮತ್ತೆ ನಾನೇಕೆ ಎದ್ದು ಓಡಲಿಲ್ಲ? ಏಕೆಂದರೆ ನನ್ನ ಜೇಬಿನಲ್ಲಿ ಬೇಟೆ ಪರವಾನಗಿಯ ಜೊತೆ ನೀವು ಕೊಟ್ಟ ಬಣ್ಣದ ಕರಪತ್ರವಿತ್ತು. 'ತೋಳವಿರುವ ಪ್ರದೇಶಗಳಲ್ಲಿ ಎಲ್ಕ್ ಮೊಟಕಾಗಿ, ವಿರಳವಾಗಿ, ಎಂದಿನಂತಲ್ಲದ ರೀತಿಯಲ್ಲಿ ಕೂಗಬಹುದು. ಬೇಟೆಗಾರರು ಹೊಂದಿಕೊಳ್ಳಬೇಕು' ಎಂದು ಅದರಲ್ಲಿ ಬರೆದಿತ್ತು. ನಾನು ಹೊಂದಿಕೊಂಡೆ. ಪಾಪ, ತೋಳಕ್ಕೆ ಹೆದರಿದ ಎಳೆಯ ಗಂಡು, ಪೂರ್ತಿ ಕೂಗಲು ಧೈರ್ಯವಿಲ್ಲ ಎಂದುಕೊಂಡೆ. ಕರಪತ್ರದ ಮೇಲೆ ಪೂರಾ ಹೊರೆ ಹಾಕುವುದಿಲ್ಲ. ನನಗೆ ಅದು ಎಲ್ಕ್ ಆಗಿರಬೇಕಿತ್ತು. ಡೆಲ್ಬರ್ಟನ ಹೊಲಕ್ಕೆ ಇಳಿಯದ, ಬೆಟ್ಟದಲ್ಲೇ ಉಳಿದ, ನನಗೇ ಉತ್ತರ ಕೊಡುವ ಒಂದು ಎಲ್ಕ್.

ಆಗಲೇ ಕೆಳಗಿಳಿದು ಹೋಗಬಹುದಿತ್ತು. ಆದರೆ ಗಾಳಿ ನನ್ನ ಬೆನ್ನಿನಿಂದ ಕೊರಕಲಿಗೆ ಬೀಸುತ್ತಿತ್ತು. ನನ್ನ ವಾಸನೆ ಹೋದರೆ ಎಲ್ಕ್ ಮೂರು ಮೈಲಿ ಓಡುತ್ತದೆ. ಗಾಳಿ ಸರಿಯಿಲ್ಲದಿದ್ದರೆ ಮನೆಗೆ ಹೋಗು, ನಾಳೆ ಬಾ. ಇದನ್ನೂ ಕಲಿಸಿದವನು ಐವರ್.

ನಾನು ಮೇಲೇಳುವ ಹೊತ್ತಿಗೆ ನಿಮ್ಮ ಹೆಲಿಕಾಪ್ಟರ್ ಬಂತು. ನನಗೆ ಆಮೇಲೆ ತಿಳಿದದ್ದು: ಸಾವಿರದ ನೂರ ನಲವತ್ತೆರಡರ ಪಟ್ಟಿ ನಡುರಾತ್ರಿಯಿಂದ ಅಲುಗಿರಲಿಲ್ಲ. ನಿಮ್ಮವರು ದಿಣ್ಣೆಯ ಮೇಲೆ ಎರಡು ಸುತ್ತು ಹೊಡೆದರು. ನಾನು ಏನು ಮಾಡಿದೆ ಗೊತ್ತೇ? ಫರ್ ಮರದ ಕೆಳಗೆ ನುಸುಳಿ, ಕಿತ್ತಳೆ ಬಣ್ಣದ ಬೇಟೆ ಟೋಪಿ ತೆಗೆದು ಅದರ ಮೇಲೆ ಕೂತೆ. ನನ್ನನ್ನು ಕಂಡರೆ, ಮುದುಕಿ ಇಲ್ಲಿ ಕೂತಿದ್ದಾಳೆಂದರೆ ಎಲ್ಕ್ ಇದೆ ಎಂದು ಅವರು ಊರಲ್ಲಿ ಹೇಳಿಬಿಟ್ಟಾರು ಎಂಬ ಆಸೆಬುರುಕತನ. ಹೆಲಿಕಾಪ್ಟರ್ ತಲೆಯ ಮೇಲಿದ್ದಷ್ಟು ಹೊತ್ತೂ ಕೊರಕಲಿನ ಗಂಡು ಹುಚ್ಚು ಹಿಡಿದಂತೆ ಕೂಗಿತು. ಮೂರು, ಮತ್ತೆ ಮೂರು, ಮತ್ತೆ ಮೂರು. ಭೇಷ್, ರೋಷ ಇದೆ ಇವನಿಗೆ, ಯಂತ್ರಕ್ಕೂ ಸವಾಲು ಹಾಕುತ್ತಿದ್ದಾನೆ ಎಂದು ನಾನು ಮರದ ಕೆಳಗೆ ಹಿಗ್ಗುತ್ತಿದ್ದೆ.

ಹೆಲಿಕಾಪ್ಟರ್ ಅರ್ಧ ಮೈಲಿ ಆಚೆ ಇಳಿಯಿತು. ಪಟ್ಟಿ ಸಿಕ್ಕಿತು, ತೋಳ ಸಿಗಲಿಲ್ಲ. ಅವಳು ಅದನ್ನು ಕಳಚಿಕೊಂಡು ಹೋಗಿದ್ದಳು, ಮರಿಗಳು ಜಗಿದು ಸಡಿಲ ಮಾಡಿದ್ದವಂತೆ. ನಿಮ್ಮವರು ಒಂದು ಖಾಲಿ ಪಟ್ಟಿಯನ್ನು ಜೋಪಾನವಾಗಿ ಚೀಲದಲ್ಲಿಟ್ಟುಕೊಂಡು ಹಾರಿಹೋದರು.

ನಾನು ಮನೆಗೆ ಹೊರಟೆ. ಡೆಲ್ಬರ್ಟ್ ಬೇಲಿಯ ಮೇಲೆ ಮೊಣಕೈ ಊರಿ ನಿಂತಿದ್ದ.

"ಏನ್ ಹಲ್ಡಾ, ಮೇಲೆ ಏನಾದ್ರೂ ಕೇಳಿಸ್ತಾ?"

"ಏನೂ ಇಲ್ಲ ಕಣಯ್ಯ. ಸೋಮವಾರ ಚರ್ಚ್ ಇರುತ್ತಲ್ಲ, ಹಂಗಿದೆ ಬೆಟ್ಟ."

"ನಮ್ಮಲ್ಲಿ ಬಂದು ಕೇಳು. ಕಿವಿಗೆ ಹತ್ತಿ ಇಟ್ಕೊಂಡ್ ಮಲಗ್ಬೇಕು, ಅಷ್ಟ್ ಗಲಾಟೆ."

"ನಿಂಗೆ ತೊಂದ್ರೆ ಆಗಿದ್ರೆ ಎರಡು ಈ ಕಡೆ ಅಟ್ಟು."

ಅವನು ನಕ್ಕ. "ಐವರ್ ಹೆಂಗಿದಾನೆ?"

"ಅವನಿಗೇನಪ್ಪ," ಅಂದೆ, "ಬಿಡಾರದಲ್ಲಿ ಹಾಯಾಗಿದಾನೆ."

ಈ ಮಾತನ್ನು ನಾನು ಎಷ್ಟು ಸಲ ನೆನೆಸಿಕೊಂಡಿದ್ದೇನೆಂದು ನಿಮ್ಮ ಯಾವ ಯಂತ್ರವೂ ಎಣಿಸಲಾರದು. ಒಂದು ವಿಚಿತ್ರ ಎಲ್ಕ್ ಮೂರು ಮೂರು ಸಲ ಕೂಗುತ್ತಿದೆ ಎಂದು ಅವತ್ತು ನಾನು ಡೆಲ್ಬರ್ಟನಿಗೆ ಹೇಳಿದ್ದರೆ, ಪಟ್ಟಣದವನಾದರೂ ಅವನಿಗೆ ಅನುಮಾನ ಬರುತ್ತಿತ್ತು. ನಾನು ಹೇಳಲಿಲ್ಲ. ಮುನ್ನೂರು ಇರುವವನು ನನ್ನ ಒಂದನ್ನೂ ಕಸಿದುಕೊಂಡಾನು ಎಂದು ಬಾಯಿ ಬಿಗಿಹಿಡಿದೆ. ನೆರೆಹೊರೆಯವರು ಸುಳ್ಳು ಹೇಳುವುದನ್ನು ಕಲಿತರೆ ಅದರ ನಷ್ಟ ಯಾವ ಕಾಲಮ್ಮಿನಲ್ಲಿ ಬರುತ್ತದೆ, ಮಾನ್ಯರೇ?

ಗುರುವಾರ ಬೆಳಿಗ್ಗೆ ಗಾಳಿ ತಿರುಗಿತ್ತು. ನಾನು ಕೊರಕಲಿನ ಬಾಯಿಯಿಂದ ಮೇಲಕ್ಕೆ ತೆವಳಿಕೊಂಡು ಬಂದೆ. ನಡುನಡುವೆ ಕೂಗಿದೆ. ಉತ್ತರ ಬಂತು, ಆದರೆ ಬಹಳ ಸಣ್ಣಗೆ, ಮೂರರ ಬದಲು ಒಂದೇ. ಐವತ್ತು ಮಾರು ದೂರದಲ್ಲಿ ಪೊದೆಗಳ ನಡುವೆ ಕಂದುಹಳದಿ ಬಣ್ಣ ಕಂಡಿತು, ಎಲ್ಕಿನ ಹಿಂಭಾಗದ ಅದೇ ಬಣ್ಣ. ಅದು ಅಲುಗಿತು. ನಾನು ಬಂದೂಕು ಎತ್ತಿ, ತಡೆಕೀಲು ತೆಗೆದು, ಟ್ರಿಗರ್ ಮೇಲೆ ಬೆರಳು ಇಟ್ಟೆ.

ಇಲ್ಲಿ ನಿಮಗೊಂದು ಕೃತಜ್ಞತೆ ಹೇಳಬೇಕಾಗಿದೆ, ಹೇಳಿಯೇ ಮುಂದೆ ಹೋಗುತ್ತೇನೆ. ನಮ್ಮ ಬೆಟ್ಟದಲ್ಲಿ ಎಲ್ಕ್ ಕಡಿಮೆಯಾದವೆಂದು ಎರಡು ವರ್ಷದ ಹಿಂದೆ ನೀವು ಒಂದು ನಿಯಮ ತಂದಿರಿ: ಕೊಂಬು ಕಣ್ಣಿಗೆ ಕಾಣದೆ ಗುಂಡು ಹಾರಿಸುವಂತಿಲ್ಲ. ಆ ನಿಯಮವನ್ನು ನಾನು ಊರೆಲ್ಲ ಬೈದಿದ್ದೇನೆ, ಇದೇ ಪತ್ರಿಕೆಯಲ್ಲೂ ಬೈದಿದ್ದೇನೆ. ಅಂದು ಕೊಂಬಿಗಾಗಿ ಕಾದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಕಾದು ಕಾದು ಕೊಂಬು ಕಾಣದೆ, ಅದು ತಲೆ ಎತ್ತಲಿ ಎಂದು ಇನ್ನೊಂದು ಸಲ ಮೆಲ್ಲಗೆ ಕೂಗಿದೆ.

"ಹಲ್ಡಿ," ಅಂದಿತು ಎಲ್ಕ್, "ಇನ್ನೊಂದ್ ಸಲ ಊದಿದ್ರೆ ಕಲ್ಲು ತಗೊಂಡ್ ಹೊಡೀತೀನಿ ನೋಡು."

ನಾನು ಬಂದೂಕನ್ನು ಎಲ್ಲಿ ಬಿಟ್ಟೆನೋ ನೆನಪಿಲ್ಲ. ಅವನ ಕ್ಯಾನ್ವಾಸ್ ಕೋಟು, ಮೂವತ್ತು ವರ್ಷದ್ದು, ನಾನೇ ತೇಪೆ ಹಾಕಿದ್ದು. ಅದನ್ನೇ ನಾನು ಎಲ್ಕ್ ಅಂದುಕೊಂಡಿದ್ದೆ. ತುಟಿ ಒಡೆದು ಕೊಳವೆಯ ಬಾಯಿಗೆ ರಕ್ತ ಅಂಟಿತ್ತು.

"ಐವರ್... ನೀನಾ?"

"ಅಲ್ಲ, ಗಂಡು ಎಲ್ಕು. ನೀರಿದ್ಯಾ?"

ಕುಡಿಸಿದೆ. ಅವನ ತಲೆ ನನ್ನ ತೊಡೆಯ ಮೇಲಿತ್ತು.

"ನಿನ್ನೆನೇ ಬಂದಿದ್ದೆಯಲ್ಲೇ," ಅಂದ. "ನಿನ್ ಕೂಗು ನಂಗೊತ್ತಾಗಲ್ವಾ? ಕೊನೇಲಿ ಒಡ್ಕೊಳುತ್ತೆ, ಐವತ್ ವರ್ಷದಿಂದ ಹಂಗೇ. ಹಲ್ಡಿ ಬಂದ್ಳು, ಇನ್ನೇನ್ ಚಿಂತೆ ಇಲ್ಲ ಅಂತ ಕಣ್ ಮುಚ್ಚಿದೆ."

"ಎಳೇ ಗಂಡು ಅಂದ್ಕೊಂಡೆ ಕಣೋ."

"ಎಪ್ಪತ್ತಾರು ವರ್ಷದ ಎಳೇ ಗಂಡು." ನಗಲು ಹೋಗಿ ಪಕ್ಕೆ ನೊಂದು ಮುಖ ಕಿವುಚಿದ. "ಮೂರ್ ಮೂರ್ ಸಲ ಊದಿದ್ನಲ್ಲೇ, ಹಲ್ಡಿ."

ಅವನು ಇದನ್ನು ದೂರಿ ಹೇಳಲಿಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದ. ನಾನು ನನ್ನ ಕೋಟು ಬಿಚ್ಚಿ ಅವನಿಗೆ ಹೊದಿಸಿ, ಫೋನು ಹುಡುಕಿಕೊಂಡು ಇಳಿದೆ.

ಆ ಕೊರಕಲಿಗೆ ಹತ್ತಿರದ ಫೋನು ಇದ್ದದ್ದು ಡೆಲ್ಬರ್ಟನ ಅಡುಗೆಮನೆಯಲ್ಲಿ. ಜಿಲ್ಲೆಯ ರಕ್ಷಣಾ ತಂಡದವರೆಲ್ಲ ಸ್ವಯಂಸೇವಕರು, ಬೇಟೆ ಶುರುವಾದ ವಾರ ಒಬ್ಬೊಬ್ಬರು ಒಂದೊಂದು ಬೆಟ್ಟದಲ್ಲಿದ್ದರು. ಬರಲು ಐದು ತಾಸು ಎಂದರು. ಆಗ ನಿನ್ನೆಯ ಹೆಲಿಕಾಪ್ಟರ್ ನೆನಪಾಗಿ ನಿಮ್ಮ ಕರಪತ್ರದ ಹಿಂದಿನ ಸಂಖ್ಯೆಗೆ ಫೋನು ಮಾಡಿದೆ. ಒಂದು ಇಂಪಾದ ದನಿ ಹೇಳಿತು: ಸತ್ತ ಅಥವಾ ಗಾಯಗೊಂಡ ತೋಳದ ಬಗ್ಗೆ ತಿಳಿಸಲು ಒಂದನ್ನು ಒತ್ತಿ, ಕರಡಿಯ ಬಗ್ಗೆ ತಿಳಿಸಲು ಎರಡನ್ನು ಒತ್ತಿ, ಪರವಾನಗಿಗಾಗಿ ಮೂರನ್ನು ಒತ್ತಿ. ಮನುಷ್ಯರಿಗೆ ಯಾವುದೆಂದು ಕೊನೆಯವರೆಗೂ ಕೇಳಿದೆ, ಬರಲಿಲ್ಲ. ಒಂದನ್ನು ಒತ್ತಿದೆ. ತಕ್ಷಣ ಒಬ್ಬ ಹೆಣ್ಣುಮಗಳು ಎತ್ತಿಕೊಂಡಳು.

"ತೋಳ ಎಲ್ಲಿದೆ ಮೇಡಂ?"

"ತೋಳ ಅಲ್ಲಮ್ಮ, ನಮ್ಮಣ್ಣ. ಸೊಂಟ ಮುರಿದಿದೆ. ನಿನ್ನೆ ನಿಮ್ಮ ಹೆಲಿಕಾಪ್ಟರ್ ಅವನ ಮೇಲೇ ಹಾರಿತ್ತು."

"ಅಯ್ಯೋ, ಕ್ಷಮಿಸಿ ಮೇಡಂ. ಇದು ತೋಳದ ಲೈನು."

ಅವಳ ಮೇಲೆ ನನಗೆ ಬೇಸರವಿಲ್ಲ. ಆ ಲೈನನ್ನು ಹಾಕಿಸಿದವರು ಅವಳಲ್ಲವಲ್ಲ.

ಕೊನೆಗೆ ಡೆಲ್ಬರ್ಟನೇ ತನ್ನ ಅತಿಥಿ ಬೇಟೆಗಾರರನ್ನು ಎಬ್ಬಿಸಿಕೊಂಡು, ಗೇಟೊಂದನ್ನು ಕೀಲಿನಿಂದ ಕಿತ್ತು ಹೊತ್ತುಕೊಂಡು ಬೆಟ್ಟ ಹತ್ತಿದ. ಆರು ಜನ ಐವರನನ್ನು ಆ ಗೇಟಿನ ಮೇಲೆ ಮಲಗಿಸಿ ಕೆಳಗೆ ತಂದರು. ಡೆಲ್ಬರ್ಟನ ಹೊಸ ಬೂಟು ಹರಿದುಹೋಯಿತು. ಅಂದಿನಿಂದ ಅವನ ಮೇಲಿನ ಹೊಟ್ಟೆಕಿಚ್ಚನ್ನು ಕಳೆದುಕೊಳ್ಳಲು ಪ್ರಯತ್ನಿಸುತ್ತಿದ್ದೇನೆ. ಅರ್ಧ ಕಳೆದಿದೆ. ಆ ಅರ್ಧವನ್ನೂ ತಂದು ನಿಮ್ಮ ತೋಳದ ಮೇಲೆ ಹಾಕಿದ್ದೇನೆ.

ಏಕೆಂದರೆ ಎರಡು ವಾರದ ಮೇಲೆ ಇದೇ ಪತ್ರಿಕೆಯ ಮೊದಲ ಪುಟದಲ್ಲಿ ನಿಮ್ಮ ಪ್ರಕಟಣೆ ಬಂತು. ಅದರ ಜೊತೆ ದೊಡ್ಡ ಫೋಟೋ. 'ಸಾವಿರದ ನೂರ ನಲವತ್ತೆರಡು. ಹೆಣ್ಣು. ಐದು ವರ್ಷ. ಪಟ್ಟಿ ಕಳಚಿದ್ದರಿಂದ ಆತಂಕ ಉಂಟಾಗಿತ್ತು. ಈಗ ಕುಟುಂಬದೊಂದಿಗೆ ಕ್ಷೇಮವಾಗಿರುವುದು ದೃಢಪಟ್ಟಿದೆ. ಹೊಸ ಪಟ್ಟಿ ಅಳವಡಿಸಲಾಗಿದೆ.' ಐವರನ ಸುದ್ದಿ ಆರನೆಯ ಪುಟದಲ್ಲಿ, ಟ್ರ್ಯಾಕ್ಟರ್ ಮಾರಾಟದ ಜಾಹೀರಾತಿನ ಕೆಳಗೆ, ನಾಲ್ಕು ಸಾಲು. ಹೆಸರಿನಲ್ಲಿ ಒಂದು ಅಕ್ಷರ ತಪ್ಪಿತ್ತು. ಆಸ್ಪತ್ರೆಯಲ್ಲಿ ಎರಡನ್ನೂ ಅವನಿಗೆ ಓದಿ ಹೇಳಿದೆ. ನನಗಾದಷ್ಟು ಉರಿ ಅವನಿಗೆ ಆಗಲಿಲ್ಲ.

"ಸದ್ಯ, ಮನೆ ಸೇರ್ಕೊಂಡ್ಳಲ್ಲ," ಅಂದ. "ಮರಿ ಇದ್ದವ್ಳು ಪಾಪ."

ಅಣ್ಣನ ಒಳ್ಳೆಯತನದ ಮೇಲೂ ನನಗೆ ಹೊಟ್ಟೆಕಿಚ್ಚೇ.

ಈಗ ಅವನ ಸೊಂಟದಲ್ಲಿ ಲೋಹದ ತಗಡು ಇದೆ, ಕೈಯಲ್ಲಿ ಕೋಲಿದೆ. ಪೇಟೆಯ ಕಾಫಿ ಅಂಗಡಿಯಲ್ಲಿ ಕೂತು, 'ನಮ್ಮ ತಂಗಿ ನನ್ನ ದನಿಗೆ ಮರುಳಾಗಿ ಎರಡು ದಿನ ನನ್ನ ಬೆನ್ನು ಹತ್ತಿದ್ದಳು' ಎಂದು ಎಲ್ಲರನ್ನೂ ನಗಿಸುತ್ತಾನೆ. ಕಳೆದ ಭಾನುವಾರ ಕೊಟ್ಟಿಗೆಯಿಂದ ಸುತ್ತಿಗೆಯ ಸದ್ದು ಬಂತು. ಹೋಗಿ ನೋಡಿದರೆ ಕೋಲನ್ನು ಗೋಡೆಗೆ ಒರಗಿಸಿ, ಕುದುರೆಯ ಕಾಲನ್ನು ತೊಡೆಯ ನಡುವೆ ಹಿಡಿದು ಲಾಳ ಹೊಡೆಯುತ್ತಿದ್ದಾನೆ.

"ಏನ್ ಮಾಡ್ತಿದೀಯ?"

"ಕಾಣಲ್ವಾ?"

"ಡಾಕ್ಟ್ರು ಕುದುರೆ ಹತ್ಬೇಡ ಅಂದಿಲ್ವಾ?"

"ಡಾಕ್ಟ್ರು ದನ ಕಾಯ್ತಾರಾ?" ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಹೇಳಿದ. "ತೊಂಬತ್ತೆರಡು ಕರು ಇದಾವೆ ಈ ಸಲ. ಬಿಟ್ಟು ಮನೇಲ್ ಕೂತ್ಕೊಳ್ಲಾ?"

"ಹಂಗಾದ್ರೆ ನಾನ್ ಹೋಗ್ತೀನಿ."

"ನೀನ್ ಹೋಗು. ಮೇಲಿಂದ ನೀನ್ ಕೂಗಿದ್ರೆ, ಯಾವ್ದೋ ಎಲ್ಕು ಅಂತ ನಾನ್ ಮಲ್ಕೊಂಡಿರ್ತೀನಿ."

ಇದು ಹಾಸ್ಯವೆಂದು ಅವನು ನಕ್ಕ. ನಾನೂ ನಕ್ಕೆ. ಆಮೇಲೆ ಒಳಗೆ ಹೋಗಿ ಅಡುಗೆಮನೆಯ ಮೇಜಿನಲ್ಲಿ ಈ ಪತ್ರ ಬರೆಯಲು ಕೂತೆ.

ಆದ್ದರಿಂದ, ಮಾನ್ಯರೇ, ನನ್ನ ಬೇಡಿಕೆ. ಜೂನ್ ಹತ್ತರೊಳಗೆ ಟಾಮರಾಕ್ ಹಳ್ಳಕ್ಕೆ ಒಬ್ಬ ಕುದುರೆ ಕಾವಲುಗಾರನನ್ನು ಕಳಿಸಿ. ಇಬ್ಬರು ಬೇಡ, ಲಾರ್ಕ್‌ಸ್ಪರ್‌ನವರ ಭಾಗ್ಯ ನಮಗೆ ಬೇಡ. ಒಬ್ಬರು ಸಾಕು. ಊಟ ನಾನು ಹಾಕುತ್ತೇನೆ, ಹಾಸಿಗೆ ಕೊಡುತ್ತೇನೆ, ತೋಳಗಳ ದಾರಿ ಐವರ್ ತೋರಿಸುತ್ತಾನೆ. ಆ ಬೆಟ್ಟದಲ್ಲಿ ಅವು ಎಲ್ಲಿ ನೀರು ಕುಡಿಯುತ್ತವೆ, ಎಲ್ಲಿ ಮರಿ ಮಾಡುತ್ತವೆ ಎಂಬುದು ನಿಮ್ಮ ಪಟ್ಟಿಗಳಿಗಿಂತ ಚೆನ್ನಾಗಿ ಅವನಿಗೆ ಗೊತ್ತು. ತೋಳವೂ ಉಳಿಯುತ್ತದೆ, ಕರುವೂ ಉಳಿಯುತ್ತದೆ, ನನ್ನ ಅಣ್ಣನೂ ಉಳಿಯುತ್ತಾನೆ.

ಅದು ಆಗುವುದಿಲ್ಲವೆಂದಾದರೆ ಎರಡನೆಯದು. ನಮಗೂ ಎರಡು ಕೊರಳಪಟ್ಟಿ ಕೊಡಿ. ನಾನು ತಮಾಷೆ ಮಾಡುತ್ತಿಲ್ಲ. ನಾಲ್ಕು ತಾಸು ಅಲುಗಾಡದಿದ್ದರೆ ದೀಪ ಹತ್ತುವ, ಹೆಲಿಕಾಪ್ಟರ್ ಬರುವ ಅದೇ ಪಟ್ಟಿ. ಹೊಸದೇ ಬೇಕೆಂದಿಲ್ಲ. ಸಾವಿರದ ನೂರ ನಲವತ್ತೆರಡು ಬಿಚ್ಚಿ ಎಸೆದದ್ದು ನಿಮ್ಮ ಉಗ್ರಾಣದಲ್ಲಿ ಬಿದ್ದಿರಬೇಕು, ಮರಿಗಳು ಜಗಿದ ಕಡೆ ನಾನು ಹೊಲಿದುಕೊಳ್ಳುತ್ತೇನೆ. ಬೂಟಿನ ಕಾಲದಿಂದಲೂ ನನಗೆ ಹಳೆಯದರ ಅಭ್ಯಾಸವಿದೆ. ನಮ್ಮನ್ನು ಹಿಡಿಯಲು ಬಲೆ ಬೇಡ, ಮಂಪರಿನ ಸೂಜಿ ಬೇಡ. ಫೋನು ಮಾಡಿದರೆ ನಾವೇ ಬಂದು ಕೊರಳು ಚಾಚುತ್ತೇವೆ.

ಅಳತೆ ಬರೆದುಕೊಳ್ಳಿ. ನನ್ನ ಕೊರಳು ಹದಿನಾಲ್ಕು ಇಂಚು. ಐವರನದು ಮೊದಲು ಹದಿನೇಳು ಇತ್ತು, ಆಸ್ಪತ್ರೆಯಿಂದ ಬಂದ ಮೇಲೆ ಹದಿನಾರು.

ಇಂತಿ, ಕೆಂಪು ದೀಪದ ನಿರೀಕ್ಷೆಯಲ್ಲಿ,

ಹಲ್ಡಾ ಬ್ರೆಕ್ಕೆ
ಟಾಮರಾಕ್ ಹಳ್ಳದ ಮೇಲ್ದಂಡೆ
ಹೆಣ್ಣು. ಎಪ್ಪತ್ತೊಂದು ವರ್ಷ. ಸಂಖ್ಯೆ ಇನ್ನೂ ಕೊಟ್ಟಿಲ್ಲ.